ಮರದ ಕಣ್ಣೀರು, ಹೊಟ್ಟೆಯ ಉರಿ

ಗಿಡಮರಗಳ ಹಾಲಿಗೆ ನಮ್ಮ ಹೆಂಗಸರ ಮನೆಗಳಲ್ಲಿ ಮೊದಲಿನಿಂದಲೂ ಒಂದು ಮರ್ಯಾದೆಯ ಜಾಗವಿದೆ. ಬೇಳೆಯ ಸಾರಿಗೆ ಒಗ್ಗರಣೆ ಹಾಕುವಾಗ ಚಿಟಿಕೆ ಇಂಗು ಬೇಕು. ಅದು ಇರಾನ, ಆಫ್ಘಾನಿಸ್ತಾನಗಳ ಕಡೆ ಬೆಳೆಯುವ ಗಿಡದ ಬೇರಿನಿಂದ ಒಸರಿದ ಹಾಲು. ಬಾಣಂತಿಗೆ ಅಂಟಿನುಂಡಿ ಕಟ್ಟಬೇಕಾದರೆ ತುಪ್ಪದಲ್ಲಿ ಹುರಿದರೆ ಅರಳುವ ಅಂಟು ಬೇಕು. ಕೂಸಿಗೆ ಎರೆದ ಮೇಲೆ ಹಾಕುವ ಲೋಬಾನವೂ ಒಂದು ಮರದ ರಸವೇ. ತೊಗಟೆಗೆ ಗಾಯವಾದಾಗ ಮರ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳಲು ಸುರಿಸುವ ದ್ರವವಿದು. ಮರದ ಗಾಯ ಮಾಯಿಸುವ ವಸ್ತು ಮನುಷ್ಯನ ಗಾಯವನ್ನೂ ಮಾಯಿಸೀತು ಎಂದು ಹಿಂದಿನವರಿಗೆ ಅನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈ ಒಸರುಗಳಲ್ಲಿ ಎರಡು ಬಗೆ. ನೀರಿಗೆ ಹಾಕಿದರೆ ಉಬ್ಬಿ ಕರಗುವುದು ಅಂಟು. ನೀರಿಗೆ ಹಾಕಿದರೂ ಕಲ್ಲಿನಂತೆ ಹಾಗೆಯೇ ಕೂಡುವುದು ರಾಳ. ಈ ಸಣ್ಣ ಭೇದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಹೇಳುವ ಕತೆಯಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ.

ನಾನು ಹೇಳಹೊರಟಿರುವುದು ಮಸ್ತಗಿಯ ಕತೆ. ಕಲಬುರಗಿ, ಬೀದರಗಳ ಕಡೆ ಹಳೆಯ ಯುನಾನಿ ಔಷಧದ ಅಂಗಡಿಗಳಿಗೆ ಹೋದವರು ಇದರ ಹೆಸರು ಕೇಳಿರುತ್ತಾರೆ. ರೂಮಿ ಮಸ್ತಗಿ ಎನ್ನುತ್ತಾರೆ. ಜೋಳದ ಕಾಳಿನಷ್ಟು, ಕಡಲೆಯಷ್ಟು ದಪ್ಪದ, ಮಾಸಲು ಹಳದಿ ಬಣ್ಣದ ಹರಳುಗಳು. ಬಾಯಿಗೆ ಹಾಕಿಕೊಂಡರೆ ಮೊದಲು ಪುಡಿಪುಡಿಯಾಗಿ, ಆಮೇಲೆ ಮೇಣದಂತೆ ಮೆತ್ತಗಾಗುತ್ತದೆ. ಹಕೀಮರು ಜೀರ್ಣಕ್ಕೆಂದು ಕೊಡುವ ‘ಜವಾರಿಷ್ ಮಸ್ತಗಿ’ ಎಂಬ ಲೇಹ್ಯದಲ್ಲಿ ಇರುವುದು ಇದೇ.

ಇತಿಹಾಸದ ಪಾಠ ಹೇಳುವವಳಿಗೆ ಹೆಸರುಗಳೇ ಅರ್ಧ ಕತೆ ಹೇಳಿಬಿಡುತ್ತವೆ. ‘ರೂಮಿ’ ಎಂದರೆ ರೂಮ್ ದೇಶದಿಂದ ಬಂದದ್ದು. ಅರಬರೂ ಪಾರಸಿಗಳೂ ರೂಮ್ ಎಂದು ಕರೆಯುತ್ತಿದ್ದುದು ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯವನ್ನು. ‘ಯುನಾನಿ’ ಎಂದರೆ ಅಯೋನಿಯದ್ದು, ಗ್ರೀಕರದ್ದು. ನಮ್ಮ ಸಂಸ್ಕೃತದ ‘ಯವನ’ ಶಬ್ದವೂ ಅದೇ ಬೇರಿನದು. ಆ ಅಯೋನಿಯದ ಹನ್ನೆರಡು ಪಟ್ಟಣಗಳಲ್ಲಿ ಒಂದು ಕಿಯೋಸ್. ಮಸ್ತಗಿ ಹುಟ್ಟುವುದು ಆ ಕಿಯೋಸ್ ದ್ವೀಪದಲ್ಲಿಯೇ! ಹೀಗೆ ಬೀದರದ ಅಂಗಡಿಯ ಒಂದು ಸಣ್ಣ ಡಬ್ಬಿಯಲ್ಲಿ ಮದ್ದೂ ಅದರ ವೈದ್ಯಪದ್ಧತಿಯ ಹೆಸರೂ ಒಂದೇ ಸೀಮೆಯಿಂದ ಬಂದು ಕೂತಿವೆ.

ಕಿಯೋಸ್ ಈಗ ಗ್ರೀಸ್ ದೇಶಕ್ಕೆ ಸೇರಿದ ದ್ವೀಪ. ಟರ್ಕಿಯ ದಡದಿಂದ ಕೆಲವೇ ಕಿಲೋಮೀಟರು ದೂರ. ನಮ್ಮ ಪಿಸ್ತಾದ ಬಳಗಕ್ಕೆ ಸೇರಿದ ಮಸ್ತಗಿ ಮರ ಮೆಡಿಟರೇನಿಯನ್ ಸಮುದ್ರದ ಸುತ್ತ ಎಷ್ಟೋ ಕಡೆ ಪೊದೆಯಾಗಿ ಬೆಳೆಯುತ್ತದೆ. ಆದರೆ ಹೇಳಿಕೊಳ್ಳುವಷ್ಟು ರಾಳ ಸುರಿಸುವುದು ಈ ದ್ವೀಪದ ದಕ್ಷಿಣ ಭಾಗದಲ್ಲಿ ಮಾತ್ರ. ಅಲ್ಲಿಯ ಪಿರ್ಗಿ, ಮೆಸ್ತಾ, ಒಲಿಂಪಿ ಮೊದಲಾದ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿಗೆ ‘ಮಸ್ತಗಿ ಹಳ್ಳಿಗಳು’ ಎಂದೇ ಹೆಸರು.

ಅಲ್ಲಿಯ ಬೆಳೆಯ ಕ್ರಮ ಕೇಳಿದರೆ ನಮ್ಮ ಅಂಗಳದ ಕೆಲಸ ನೆನಪಾಗುತ್ತದೆ. ಬೇಸಿಗೆಯಲ್ಲಿ ಪ್ರತಿ ಮರದ ಬುಡವನ್ನೂ ಗುಡಿಸಿ, ಹಸನು ಮಾಡಿ, ಸುತ್ತ ಸುಣ್ಣದ ಜಾತಿಯ ಬಿಳಿಮಣ್ಣು ಹರಡುತ್ತಾರೆ. ಆಮೇಲೆ ಮೊನಚಾದ ಉಳಿಯಿಂದ ತೊಗಟೆಗೆ ಸಣ್ಣ ಸಣ್ಣ ಗೀರು ಹಾಕುತ್ತಾರೆ. ಗೀರಿನಿಂದ ಹನಿಹನಿಯಾಗಿ ಇಳಿದ ರಸ ಬಿಳಿಮಣ್ಣಿನ ಮೇಲೆ ಬಿದ್ದು ಎರಡು ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಅದನ್ನು ಆಯ್ದು ಮನೆಗೆ ತಂದು, ಜರಡಿ ಹಿಡಿದು, ತೊಳೆದು, ಒಂದೊಂದೇ ಹರಳಿಗೆ ಅಂಟಿದ ಮಣ್ಣು, ಎಲೆಗಳನ್ನು ಸಣ್ಣ ಚಾಕುವಿನ ಮೊನೆಯಿಂದ ಬಿಡಿಸಬೇಕು. ಈ ಕೆಲಸವನ್ನು ಚಳಿಗಾಲದಲ್ಲಿ ಗುಂಪಾಗಿ ಕೂತು ಮಾಡುವವರು ಹೆಚ್ಚಾಗಿ ಹೆಂಗಸರೇ. ನಾವು ಮಾತನಾಡುತ್ತ ಅಕ್ಕಿ ಆರಿಸಿದ ಹಾಗೆ! ಒಂದು ಮರ ವರ್ಷಕ್ಕೆ ಕೊಡುವುದು ಅಬ್ಬಬ್ಬಾ ಎಂದರೆ ಒಂದು ಹಿಡಿಯಷ್ಟು. 2014ರಲ್ಲಿ ಯುನೆಸ್ಕೊ ಈ ಬೇಸಾಯದ ತಿಳಿವಳಿಕೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಹನಿಗಳನ್ನು ಅಲ್ಲಿಯವರು ‘ಕಣ್ಣೀರು’ ಎನ್ನುತ್ತಾರೆ. ಇದಕ್ಕೊಂದು ಐತಿಹ್ಯವಿದೆ. ಮೂರನೆಯ ಶತಮಾನದಲ್ಲಿ ರೋಮನ್ನರು ಇಸಿಡೋರ್ ಎಂಬ ಕ್ರೈಸ್ತ ಸಂತನನ್ನು ಹಿಂಸಿಸಿ ಕೊಂದಾಗ ಮರಗಳು ಅತ್ತವಂತೆ. ಐತಿಹ್ಯ ಐತಿಹ್ಯವೇ. ಸಂತನಿಗಿಂತ ಮೊದಲೇ, ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್ ತನ್ನ ಗ್ರಂಥದಲ್ಲಿ ಈ ರಾಳ ಹೊಟ್ಟೆಗೆ ಹಿತ, ಅಗಿದರೆ ಬಾಯಿ ಸುವಾಸನೆಯಾಗುತ್ತದೆ ಎಂದು ಬರೆದಿಟ್ಟಿದ್ದಾನೆ. ಗ್ರೀಕರ ‘ಅಗಿಯುವುದು’ ಎಂಬ ಕ್ರಿಯಾಪದಕ್ಕೂ ಈ ಹೆಸರಿಗೂ ನಂಟು. ಇಂಗ್ಲಿಷಿನ ‘ಮ್ಯಾಸ್ಟಿಕೇಟ್’ ಕೂಡ ಅದರ ಸೋದರ ಸಂಬಂಧಿ.

ಕಣ್ಣೀರು ಎಂಬ ಹೆಸರು ಮಾತ್ರ ಬೇರೆ ಕಾರಣಕ್ಕೂ ಸರಿಯಾದದ್ದೇ. ಬೆಲೆಬಾಳುವ ವಸ್ತು ಹುಟ್ಟುವ ನೆಲಕ್ಕೆ ನೆಮ್ಮದಿ ಕಡಿಮೆ. ನಮ್ಮ ಮಲಬಾರಿಗೆ ಮೆಣಸು ಹೇಗೋ ಕಿಯೋಸಿಗೆ ಮಸ್ತಗಿ ಹಾಗೆ. 1346ರಲ್ಲಿ ಜಿನೋವಾದ ವರ್ತಕರು ದ್ವೀಪವನ್ನು ಹಿಡಿದರು. ಜುಸ್ತಿನಿಯಾನಿ ಎಂಬ ಹೆಸರಿನ ವರ್ತಕ ಮನೆತನಗಳ ಕೂಟ ಎರಡು ಶತಮಾನ ಇದರ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿತು. ಹಳ್ಳಿಗಳನ್ನು ಕೋಟೆಯಂತೆ ಕಟ್ಟಿಸಿದರು. ಕಾವಲು ಗೋಪುರ ನಿಲ್ಲಿಸಿದರು. ಮಸ್ತಗಿ ಕದ್ದವನಿಗೆ ಕದ್ದ ತೂಕಕ್ಕೆ ತಕ್ಕ ಶಿಕ್ಷೆ. ಕಿವಿ, ಮೂಗು ಕೊಯ್ಯುವುದರಿಂದ ಗಲ್ಲಿನ ತನಕ! ಜಿನೋವಾದವನೇ ಆದ ಕೊಲಂಬಸ್ 1493ರಲ್ಲಿ ಹೊಸ ನೆಲ ಕಂಡು ಮರಳುವಾಗ ಬರೆದ ಪತ್ರದಲ್ಲಿ, ಕಿಯೋಸಿನಲ್ಲಿ ಮಾತ್ರ ಸಿಗುತ್ತಿದ್ದ ಮಸ್ತಗಿಯನ್ನು ಬೇಕಾದಷ್ಟು ಕಳಿಸಿಕೊಡಬಲ್ಲೆ ಎಂದು ಸ್ಪೇನಿನ ದೊರೆಗಳಿಗೆ ಆಸೆ ತೋರಿಸಿದ್ದಾನೆ. ಅವನು ಅಲ್ಲಿ ಕಂಡ ಮರ ಬೇರೆಯೇ ಆಗಿತ್ತು. ಹತ್ತನೆಯ ತರಗತಿಯ ಮಕ್ಕಳಿಗೆ 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡ ಪಾಠ ಹೇಳುವಾಗ ನಾವು ಮೆಣಸು, ಲವಂಗ, ದಾಲ್ಚಿನ್ನಿ ಎಂದು ಹೇಳಿ ಮುಗಿಸುತ್ತೇವೆ. ಆ ಹಡಗುಗಳಲ್ಲಿ ಹೊಟ್ಟೆಯ ಮದ್ದೂ ಇತ್ತು.

1566ರಲ್ಲಿ ದ್ವೀಪ ಆಟೋಮನ್ ತುರ್ಕರ ಪಾಲಾಯಿತು. ಅವರು ಇಟ್ಟ ಹೆಸರು ‘ಸಕೀಜ್’, ಅಂದರೆ ಅಂಟಿನ ದ್ವೀಪ. ಮಸ್ತಗಿ ಹಳ್ಳಿಗಳು ಕಂದಾಯವನ್ನು ರಾಳದ ರೂಪದಲ್ಲಿಯೇ ಕೊಡುತ್ತಿದ್ದವು. ಸುಲ್ತಾನನ ಜನಾನಾದ ಹೆಂಗಸರಿಗೆ ಮಸ್ತಗಿ ಅಗಿಯುವುದೆಂದರೆ ನಮ್ಮ ಅಜ್ಜಿಯರ ಎಲೆಅಡಿಕೆಯಷ್ಟು ಪ್ರಿಯ. 1822ರಲ್ಲಿ ಗ್ರೀಕರ ಸ್ವಾತಂತ್ರ್ಯ ಹೋರಾಟದ ಸಮಯಕ್ಕೆ ಈ ದ್ವೀಪದ ಮೇಲೆ ಘೋರ ಹತ್ಯಾಕಾಂಡ ನಡೆಯಿತು. ಹತ್ತಾರು ಸಾವಿರ ಜನ ಸತ್ತರು; ಹತ್ತಾರು ಸಾವಿರ ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಫ್ರಾನ್ಸಿನ ಚಿತ್ರಕಾರ ದೆಲಾಕ್ರೂವಾ 1824ರಲ್ಲಿ ಆ ದುಃಖವನ್ನು ದೊಡ್ಡ ಚಿತ್ರವಾಗಿ ಬರೆದ. ಆ ಬೆಂಕಿಯಲ್ಲಿಯೂ ಮಸ್ತಗಿ ಹಳ್ಳಿಗಳು ಬಹುಮಟ್ಟಿಗೆ ಉಳಿದುಕೊಂಡವು. ಮರವನ್ನು ಗೀರಿ ರಾಳ ತೆಗೆಯುವ ಕೈಗಳು ಬೇಕಾಗಿದ್ದವಲ್ಲ! ದಯೆಯಿಂದಲ್ಲ, ಲಾಭದ ಲೆಕ್ಕದಿಂದ ಉಳಿದ ಜೀವಗಳು. 1912ರಲ್ಲಿ ಕಿಯೋಸ್ ಗ್ರೀಸಿಗೆ ಸೇರಿತು. 1938ರಲ್ಲಿ ಬೆಳೆಗಾರರು ತಮ್ಮದೇ ಸಂಘ ಕಟ್ಟಿಕೊಂಡರು.

ಇಷ್ಟು ಮರದ ಕತೆ. ಇನ್ನು ಹೊಟ್ಟೆಯ ಕತೆ.

ಹೊಟ್ಟೆಯ ಹುಣ್ಣು ಏಕೆ ಆಗುತ್ತದೆ ಎಂದು ಕೇಳಿದರೆ ನಾವು ಚಿಕ್ಕವರಿದ್ದಾಗ ಎಲ್ಲರೂ ಹೇಳುತ್ತಿದ್ದುದು ಖಾರ, ಚಿಂತೆ, ಹೊತ್ತಿಗೆ ಸರಿಯಾಗಿ ಉಣ್ಣದಿರುವುದು. ವೈದ್ಯರೂ ಅದನ್ನೇ ಹೇಳುತ್ತಿದ್ದರು. ಹಾಲು ಕುಡಿಯಿರಿ, ಸಪ್ಪೆ ಉಣ್ಣಿರಿ, ಹುಳಿ ತಗ್ಗಿಸುವ ಔಷಧಿ ತೆಗೆದುಕೊಳ್ಳಿ, ಕೊನೆಗೆ ಶಸ್ತ್ರಚಿಕಿತ್ಸೆ. ಹೊಟ್ಟೆಯೊಳಗಿನ ಹುಳಿಯಲ್ಲಿ ಯಾವ ಜೀವಿಯೂ ಬದುಕಲಾರದು ಎಂಬುದು ಪುಸ್ತಕದ ಮಾತಾಗಿತ್ತು.

ಆ ಮಾತನ್ನು ಒಪ್ಪದ ಒಬ್ಬ ವೈದ್ಯರು ಗ್ರೀಸ್ ದೇಶದಲ್ಲಿಯೇ ಇದ್ದರು. ಮಿಸ್ಸೊಲೊಂಗಿ ಎಂಬ ಊರಿನ ಜಾನ್ ಲಿಕೂಡಿಸ್. ಆ ಊರಿನ ಮೇಯರ್ ಕೂಡ ಆಗಿದ್ದವರು. 1958ರಲ್ಲಿ ತಮಗೇ ಹೊಟ್ಟೆಯ ಬಾಧೆ ಬಂದಾಗ ಜೀವಿರೋಧಕ ಔಷಧಿ, ಅಂದರೆ ಆಂಟಿಬಯಾಟಿಕ್ ತೆಗೆದುಕೊಂಡು ಗುಣ ಕಂಡರು. ಅಲ್ಲಿಂದ ಮುಂದೆ ಸಾವಿರಾರು ರೋಗಿಗಳಿಗೆ ಅದೇ ಚಿಕಿತ್ಸೆ ಕೊಟ್ಟರು. ಅವರು ಬರೆದ ಲೇಖನವನ್ನು ಅಮೆರಿಕದ ಪತ್ರಿಕೆ ಹಿಂದಿರುಗಿಸಿತು. 1968ರಲ್ಲಿ ಅವರದೇ ವೈದ್ಯರ ಶಿಸ್ತು ಸಮಿತಿ 4,000 ಡ್ರಾಕ್ಮಾ ದಂಡ ಹಾಕಿತು. 1980ರಲ್ಲಿ ತೀರಿಕೊಂಡರು. ಅವರ ಊಹೆ ಸರಿ ಎಂದು ಲೋಕ ಒಪ್ಪುವ ಹೊತ್ತಿಗೆ ಅವರಿರಲಿಲ್ಲ. ಓದಿದಾಗ ಸಂಕಟವಾಗುತ್ತದೆ. ಆದರೆ ಅವರ ಕೈಯಲ್ಲಿ ಗುಣವಾದವರ ಮಾತು ಇತ್ತೇ ಹೊರತು ರೋಗಾಣು ಇರಲಿಲ್ಲ. ಔಷಧಿ ಕೊಟ್ಟವರನ್ನೂ ಕೊಡದವರನ್ನೂ ಪಕ್ಕಪಕ್ಕ ಇಟ್ಟು ತೂಗಿದ ಲೆಕ್ಕವೂ ಇರಲಿಲ್ಲ.

ರೋಗಾಣು ಸಿಕ್ಕಿದ್ದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ. 1979ರಲ್ಲಿ ರಾಬಿನ್ ವಾರೆನ್ ಎಂಬ ವೈದ್ಯರು ರೋಗಿಗಳ ಜಠರದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಸುರುಳಿ ಸುರುಳಿಯಾದ ಜೀವಿಗಳನ್ನು ಕಂಡರು. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ಅವರ ಜೊತೆಗೂಡಿದರು. ಆ ಜೀವಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಎಷ್ಟು ಸಲ ಯತ್ನಿಸಿದರೂ ಆಗಲಿಲ್ಲ. ಎರಡು ದಿನ ಕಾದು ತಟ್ಟೆ ಚೆಲ್ಲಿಬಿಡುವುದು ಅಲ್ಲಿಯ ರೂಢಿ. 1982ರ ಈಸ್ಟರ್ ರಜೆಯಲ್ಲಿ ಯಾರೂ ಬರಲಿಲ್ಲವಾಗಿ ತಟ್ಟೆಗಳು ಐದು ದಿನ ಹಾಗೆಯೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಜೀವಿ ಬೆಳೆದಿತ್ತು! ದೋಸೆಯ ಹಿಟ್ಟು ಹುಳಿಯಲು ಚಳಿಗಾಲದಲ್ಲಿ ಎಷ್ಟು ಹೊತ್ತು ಬೇಕೆಂದು ಬಲ್ಲ ನಮಗೆ ಇದು ಬೇಗ ಅರ್ಥವಾಗುತ್ತದೆ.

ಆದರೂ ನಂಬುವವರು ಕಡಿಮೆ. 1984ರಲ್ಲಿ 32 ವರ್ಷದ ಮಾರ್ಷಲ್ ಆ ಜೀವಿಗಳನ್ನು ಕಲಕಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ಓಕರಿಕೆ, ವಾಂತಿ ಶುರುವಾಯಿತು. ಉಸಿರು ವಾಸನೆ ಬರುತ್ತಿದೆ ಎಂದು ಮೊದಲು ಕಂಡುಹಿಡಿದವರು ಅವರ ತಾಯಿ. ತಾಯಂದಿರ ಮೂಗು ಎಲ್ಲ ದೇಶದಲ್ಲಿಯೂ ಒಂದೇ! ಒಳಗೆ ನಳಿಕೆ ಇಳಿಸಿ ನೋಡಿದಾಗ ಜಠರ ಕೆಂಪಾಗಿ ಉರಿಯೂತ ಕಂಡಿತು, ಜೀವಿಯೂ ಅಲ್ಲಿತ್ತು. ಈ ಜೀವಿಗೆ 1989ರಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಹೆಸರಾಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಇದನ್ನು ಕ್ಯಾನ್ಸರ್ ತರಬಲ್ಲದ್ದೆಂದು ಪಟ್ಟಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಈ ಜೀವಿ ಬಹಳ ಜಾಣ. ತನ್ನ ಸುತ್ತ ಅಮೋನಿಯ ಉತ್ಪತ್ತಿ ಮಾಡಿ ಹುಳಿಯನ್ನು ಮುರಿದುಕೊಳ್ಳುತ್ತದೆ. ಜಠರದ ಒಳಗೋಡೆಗೆ ಲೋಳೆಯ ಒಂದು ಹೊದಿಕೆ ಇರುತ್ತದಲ್ಲ, ಅದರ ಅಡಿಗೆ ಸುರುಳಿಯಂತೆ ಕೊರೆದುಕೊಂಡು ಹೋಗಿ ಮನೆ ಮಾಡುತ್ತದೆ. ಬಹುಮಟ್ಟಿಗೆ ಚಿಕ್ಕಂದಿನಲ್ಲಿ, ಮನೆಯವರಿಂದ ಮನೆಯವರಿಗೆ ಹರಡುತ್ತದೆ. ಹೆಚ್ಚಿನವರಿಗೆ ಇದ್ದದ್ದೇ ಗೊತ್ತಾಗುವುದಿಲ್ಲ. ಕೆಲವರಿಗೆ ಹುಣ್ಣು. ತೀರಾ ಕೆಲವರಿಗೆ, ಎಷ್ಟೋ ವರ್ಷಗಳ ಮೇಲೆ, ಜಠರದ ಕ್ಯಾನ್ಸರ್.

ಈಗ ಎರಡೂ ಕತೆಗಳು ಕೂಡುತ್ತವೆ. 1984ರಲ್ಲಿ, ಮಾರ್ಷಲ್ ಆ ದ್ರವ ಕುಡಿದ ವರ್ಷವೇ, ಇರಾಕಿನ ವೈದ್ಯರು ಮಸ್ತಗಿಯನ್ನು ಕ್ರಮವಾದ ಪರೀಕ್ಷೆಗೆ ಒಡ್ಡಿದ ವರದಿ ಪ್ರಕಟಿಸಿದರು. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಿದ್ದ 38 ರೋಗಿಗಳು. 20 ಜನರಿಗೆ ದಿನಕ್ಕೆ 1 ಗ್ರಾಂ ಮಸ್ತಗಿ, 18 ಜನರಿಗೆ ಅಷ್ಟೇ ತೂಕದ ಹಾಲುಸಕ್ಕರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. ಎರಡು ವಾರದ ಮೇಲೆ ನಳಿಕೆ ಇಳಿಸಿ ನೋಡಿದರೆ ಮಸ್ತಗಿ ತೆಗೆದುಕೊಂಡ 20ರಲ್ಲಿ 14 ಜನರ ಹುಣ್ಣು ಮಾಗಿತ್ತು. ಸಕ್ಕರೆ ತೆಗೆದುಕೊಂಡ 18ರಲ್ಲಿ 4 ಜನರದು. ಇದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ಬರಿ ಸಕ್ಕರೆ ತಿಂದವರಲ್ಲಿಯೂ ಅರ್ಧದಷ್ಟು ಜನ ‘ನೋವು ಕಡಿಮೆಯಾಗಿದೆ’ ಎಂದರು! ಅವರು ಸುಳ್ಳು ಹೇಳಲಿಲ್ಲ. ಔಷಧಿ ತೆಗೆದುಕೊಂಡೆ ಎಂಬ ನಂಬಿಕೆಗೂ ಕಾಲಕ್ಕೂ ಅಷ್ಟು ಶಕ್ತಿ ಇದೆ. ‘ನನಗೆ ಗುಣವಾಯಿತು’ ಎಂಬ ಮಾತೊಂದನ್ನೇ ಹಿಡಿದು ಔಷಧಿಯನ್ನು ಅಳೆಯಬಾರದು ಎಂಬುದು ಇದಕ್ಕೇ.

1998ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಒಂದು ಚಿಕ್ಕ ಪತ್ರ ಬಂತು. ಬರೆದವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸಂಶೋಧಕರು. ಇರಾಕಿನ ಪರೀಕ್ಷೆಯಲ್ಲಿದ್ದ ಒಬ್ಬರೂ ಅವರಲ್ಲಿದ್ದರು. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಪೈಲೊರಿಯ ಏಳು ತಳಿಗಳನ್ನು ಮಸ್ತಗಿ ಕೊಂದಿತು, ಅದೂ ಅತಿ ಸ್ವಲ್ಪ ಪ್ರಮಾಣದಲ್ಲಿ, ಎಂಬುದು ಅದರ ಸಾರ. ಎರಡು ಸಾವಿರ ವರ್ಷದ ಮದ್ದಿಗೆ ಆಧುನಿಕ ವಿಜ್ಞಾನದ ಮುದ್ರೆ ಬಿತ್ತು ಎಂದು ಸುದ್ದಿಯಾಯಿತು. ಮಸ್ತಗಿ ಸೀಸೆಗಳಲ್ಲಿ, ಗುಳಿಗೆಗಳಲ್ಲಿ ಊರೂರು ತಿರುಗತೊಡಗಿತು.

ಆದರೆ ತಟ್ಟೆ ಬೇರೆ, ಹೊಟ್ಟೆ ಬೇರೆ. 2003ರಲ್ಲಿ ಅದೇ ನಾಟಿಂಗ್‌ಹ್ಯಾಮಿನವರು, ಮೊದಲ ಪತ್ರಕ್ಕೆ ಸಹಿ ಹಾಕಿದ್ದ ಒಬ್ಬರನ್ನೂ ಒಳಗೊಂಡು, ಹತ್ತಕ್ಕಿಂತ ಕಡಿಮೆ ಜನರಿಗೆ ದಿನಕ್ಕೆ ನಾಲ್ಕು ಸಲ ತಲಾ 1 ಗ್ರಾಮಿನಂತೆ 14 ದಿನ ಮಸ್ತಗಿ ಕೊಟ್ಟು ನೋಡಿದರು. ಒಬ್ಬರ ಹೊಟ್ಟೆಯಿಂದಲೂ ರೋಗಾಣು ಹೋಗಲಿಲ್ಲ. ಅದೇ ವರ್ಷ ಇಲಿಗಳ ಮೇಲೆ ಮಾಡಿದ ಬೇರೆ ಪರೀಕ್ಷೆಯಲ್ಲಿಯೂ ಹೋಗಲಿಲ್ಲ. 2010ರಲ್ಲಿ ಗ್ರೀಸಿನ ವೈದ್ಯರು 52 ರೋಗಿಗಳನ್ನು 13 ಜನರ ನಾಲ್ಕು ಗುಂಪು ಮಾಡಿದರು. ಕಡಿಮೆ ಪ್ರಮಾಣದ ಮಸ್ತಗಿ ತೆಗೆದುಕೊಂಡವರಲ್ಲಿ 4 ಜನರಿಗೆ ರೋಗಾಣು ಹೋಗಿತ್ತು. ಹೆಚ್ಚು ಪ್ರಮಾಣ ತೆಗೆದುಕೊಂಡವರಲ್ಲಿ 5. ಹುಳಿ ತಗ್ಗಿಸುವ ಮಾತ್ರೆಯೊಂದಿಗೆ ಮಸ್ತಗಿ ತೆಗೆದುಕೊಂಡವರಲ್ಲಿ ಒಬ್ಬರಿಗೂ ಇಲ್ಲ. ವೈದ್ಯರು ರೂಢಿಯಲ್ಲಿ ಕೊಡುವ ಜೀವಿರೋಧಕ ಚಿಕಿತ್ಸೆ ಪಡೆದವರಲ್ಲಿ 10.

ತಟ್ಟೆಯಲ್ಲಿ ಕೊಂದದ್ದು ಹೊಟ್ಟೆಯಲ್ಲಿ ಏಕೆ ಸೋತಿತು? ಇಲ್ಲಿ ಆ ಮೊದಲಿನ ಭೇದ ನೆನಪಿಗೆ ಬರಬೇಕು. ಮಸ್ತಗಿ ಅಂಟಲ್ಲ, ರಾಳ. ನೀರಿನಲ್ಲಿ ಕರಗದು. ತಟ್ಟೆಯಲ್ಲಿ ಅದನ್ನು ಜೀವಿಯ ಮೈಮೇಲೆಯೇ ಹಾಕಿರುತ್ತಾರೆ. ಹೊಟ್ಟೆಯಲ್ಲಿ ಅದು ಅನ್ನ, ನೀರು, ಹುಳಿಯ ಜೊತೆ ಕಲಸಿಕೊಂಡು ಕೆಲ ಹೊತ್ತಿನಲ್ಲಿ ಮುಂದೆ ಸಾಗಿಬಿಡುತ್ತದೆ. ಲೋಳೆಯ ಹೊದಿಕೆಯ ಅಡಿಯಲ್ಲಿ ಮಲಗಿರುವ ಜೀವಿಯನ್ನು ಮುಟ್ಟುವುದು ಕಷ್ಟ. ಕದ ಹಾಕಿಕೊಂಡು ಒಳಗೆ ಕೂತ ಕಳ್ಳನಿಗೆ ಅಂಗಳದಲ್ಲಿ ನಿಂತು ಬಡಿಗೆ ಬೀಸಿದ ಹಾಗೆ. 2007ರಲ್ಲಿ ರಾಳದ ಕರಗದ ಭಾಗವನ್ನು ತೆಗೆದುಹಾಕಿ ಉಳಿದ ಸಾರವನ್ನು ಇಲಿಗಳಿಗೆ ಮೂರು ತಿಂಗಳು ಕೊಟ್ಟಾಗ ರೋಗಾಣುಗಳ ಸಂಖ್ಯೆ ಚೆನ್ನಾಗಿ ಇಳಿಯಿತು. ಆದರೆ ನಿರ್ಮೂಲವಾಗಲಿಲ್ಲ.

ಹಾಗಾದರೆ ಡಯೋಸ್ಕೊರಿಡಿಸನೂ ನಮ್ಮ ಹಕೀಮರೂ ಹೇಳಿದ್ದೆಲ್ಲ ಸುಳ್ಳೇ? ಹಾಗೆನ್ನುವುದು ಅವಸರದ ಮಾತು. ಹುಣ್ಣಿಲ್ಲದ, ಬರಿ ಅಜೀರ್ಣ, ಹೊಟ್ಟೆಭಾರ ಎನ್ನುವ 148 ಜನರ ಮೇಲೆ ಗ್ರೀಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಿದೆ. ಮೂರು ವಾರ ಮಸ್ತಗಿ ತೆಗೆದುಕೊಂಡವರಲ್ಲಿ ನೂರಕ್ಕೆ 77 ಜನರಿಗೆ, ಬರಿ ಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ 40 ಜನರಿಗೆ ಚೆನ್ನಾಗಿ ಹಿತವೆನಿಸಿತು. ಯುರೋಪಿನ ಔಷಧ ಸಂಸ್ಥೆಯೂ ಸಣ್ಣಪುಟ್ಟ ಅಜೀರ್ಣಕ್ಕೆ ಇದನ್ನು ಬಹುಕಾಲದ ಬಳಕೆಯ ಆಧಾರದ ಮೇಲೆ ಸಾಂಪ್ರದಾಯಿಕ ಮದ್ದೆಂದು ಒಪ್ಪಿದೆ. ಹಿಂದಿನವರು ಹೇಳಿದ್ದು ‘ಹೊಟ್ಟೆಗೆ ಹಿತ’ ಎಂದು. ‘ರೋಗಾಣು ಕೊಲ್ಲುತ್ತದೆ’ ಎಂದು ಅವರು ಹೇಳಲಿಲ್ಲ. ಅವರಿಗೆ ರೋಗಾಣುವೇ ಗೊತ್ತಿರಲಿಲ್ಲ. ಆ ಮಾತನ್ನು ಅವರ ಬಾಯಿಗೆ ತುರುಕಿದವರು ನಮ್ಮ ಕಾಲದ ಮಾರಾಟಗಾರರು.

ನಾನು ಇಷ್ಟೆಲ್ಲ ಓದಬೇಕಾಗಿ ಬಂದದ್ದು ನಮ್ಮ ವೈನಿಯ ಸಲುವಾಗಿ. ವೈನಿ ನಮ್ಮ ದೊಡ್ಡಣ್ಣನ ಹೆಂಡತಿ. ಮೂವತ್ತು ವರ್ಷ ಕೂಡಿದ ಮನೆಯ ಅಡುಗೆ ಮಾಡಿದವರು. ಎಲ್ಲರೂ ಉಂಡ ಮೇಲೆ ಮೂರು ಗಂಟೆಗೆ ತಣ್ಣಗಿನ ರೊಟ್ಟಿ ಉಣ್ಣುವವರು. ನಡುವೆ ನಾಲ್ಕು ಸಲ ಬರಿ ಚಹಾ. ಹೊಟ್ಟೆ ಉರಿದಾಗ ಒಂದು ಲೋಟ ಹಾಲು ಕುಡಿದು ಸುಮ್ಮನಾಗುತ್ತಿದ್ದರು. ಅವರ ತಾಯಿ ಐವತ್ತೈದು ತುಂಬುವ ಮೊದಲೇ ಜಠರದ ಕ್ಯಾನ್ಸರಿನಿಂದ ಹೋದವರು. ಅವರೂ ಕೊನೆಯ ತನಕ ‘ಬರೇ ಪಿತ್ತ’ ಎಂದೇ ಹೇಳುತ್ತಿದ್ದರಂತೆ. ಒಂದು ದಿನ ವೈನಿಗೆ ಮಲ ಟಾರಿನ ಹಾಗೆ ಕಪ್ಪಾಗಿ ಹೋದಾಗ ಮಗಳು ಕೇಳದೆ ವೈದ್ಯರಲ್ಲಿಗೆ ಕರೆದೊಯ್ದಳು. ಹುಣ್ಣು ಕಂಡಿತು, ಪೈಲೊರಿಯೂ ಕಂಡಿತು. ಎರಡು ವಾರದ ಔಷಧಿ ಬರೆದರು. ದಿನಕ್ಕೆ ಹಿಡಿ ತುಂಬ ಗುಳಿಗೆ, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ವಾಕರಿಕೆ.

ಐದನೆಯ ದಿನಕ್ಕೆ ವೈನಿ ಸೋತರು. ಅಷ್ಟರಲ್ಲಿ ಪರಿಚಿತರೊಬ್ಬರು ಪಾರ್ಸೆಲ್‌ನಲ್ಲಿ ಮಸ್ತಗಿ ಗುಳಿಗೆಗಳ ಸೀಸೆ ತರಿಸಿಕೊಟ್ಟಿದ್ದರು. ಬೆಲೆ ನೋಡಿ ನನಗೆ ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನೆನಪಾಯಿತು. ಅದೇ ವಸ್ತು ಹಕೀಮರ ಡಬ್ಬಿಯಲ್ಲಿದ್ದಾಗ ಯಾರೂ ತಿರುಗಿ ನೋಡಿರಲಿಲ್ಲ. ವೈನಿ ಹೇಳಿದರು: “ಇಷ್ಟು ಗುಳಗಿ ನುಂಗಿ ಸಾಯೂದಕಿಂತ ಗಿಡದ ಔಷಧ ಛಲೋ ಅಲ್ಲೇನವಾ? ಗಿಡದ್ದು ಅಂದ್ರ ತಂಪು, ಏನೂ ಕೆಡಸೂದಿಲ್ಲ.”

ಆ ಮಾತಿಗೆ ಕೂಡಲೇ ಉತ್ತರ ಕೊಡುವುದು ಸುಲಭವಿರಲಿಲ್ಲ. ವೈನಿಯ ಮಗಳು ಫಾರ್ಮಸಿ ಓದುತ್ತಾಳೆ. ಅವಳು ಈ ಪರೀಕ್ಷೆಗಳ ವರದಿಗಳನ್ನು ಮುದ್ರಿಸಿ ತಂದಳು. ಭಾನುವಾರ ಮಧ್ಯಾಹ್ನ ನಾವು ಮೂವರೂ ಪಡಸಾಲೆಯಲ್ಲಿ ಕೂತೆವು. ಅವಳು ಇಂಗ್ಲಿಷಿನಲ್ಲಿ ಓದುವುದು, ನಾನು ಕನ್ನಡದಲ್ಲಿ ಹೇಳುವುದು. ಹದಿಮೂರರಲ್ಲಿ ನಾಲ್ಕು, ಹದಿಮೂರರಲ್ಲಿ ಐದು, ಸೊನ್ನೆ, ಹತ್ತು ಎಂದು ಹೇಳಿದಾಗ ವೈನಿ ಬೆರಳು ಮಡಚಿ ಎಣಿಸಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮವ್ವಗ ಯಾರೂ ಹಿಂಗ ಕುಂತು ಎಣಿಸಿ ಹೇಳಲಿಲ್ಲ ನೋಡು” ಎಂದರು. “ನಿಮಗ ಹೇಳೇವಿ ಅಲ್ರಿ ವೈನಿ, ಇನ್ನ ಒಂಬತ್ತು ದಿನ” ಎಂದೆ. ವಾಕರಿಕೆಯ ಬಗ್ಗೆ ವೈದ್ಯರಿಗೆ ಫೋನು ಮಾಡಿ ಕೇಳಿದೆವು. ಯಾವ ಗುಳಿಗೆ ಊಟದ ಮೇಲೆ, ಯಾವುದು ಮುಂಚೆ ಎಂದು ತಿಳಿಸಿದರು. ಹದಿನಾಲ್ಕು ದಿನವೂ ಮುಗಿಯಿತು. ಔಷಧಿ ಮುಗಿದು ತಿಂಗಳು ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ ರೋಗಾಣು ಇರಲಿಲ್ಲ. ಎದೆಯುರಿ ಈಗಲೂ ಒಮ್ಮೊಮ್ಮೆ ಬರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲರ ಜೊತೆ ಉಣ್ಣುವ ಪದ್ಧತಿ ಮಾತ್ರ ಮನೆಯಲ್ಲಿ ಆಗ ಶುರುವಾದದ್ದು ನಿಂತಿಲ್ಲ.

ಗಿಡದ್ದೆಂದ ಮೇಲೆ ಕೆಡುಕಿಲ್ಲ ಎಂಬ ವೈನಿಯ ಮಾತು ನಮ್ಮೆಲ್ಲರ ಮಾತೂ ಹೌದು. ಮಸ್ತಗಿ ತಾನಾಗಿ ದೊಡ್ಡ ಕೆಡುಕು ಮಾಡದೆ ಇರಬಹುದು. ಆದರೆ ಮಾಡಬೇಕಾದ ಚಿಕಿತ್ಸೆಯ ಜಾಗದಲ್ಲಿ ಅದನ್ನು ಕೂರಿಸಿದರೆ ಕಳೆದುಹೋಗುವ ಕಾಲವೇ ಕೆಡುಕು. ಅರ್ಧಕ್ಕೆ ಬಿಟ್ಟ ಜೀವಿರೋಧಕದಿಂದ ಇನ್ನೊಂದು ತೊಂದರೆ: ಉಳಿದುಕೊಂಡ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ನಮ್ಮ ದೇಶದಲ್ಲಿ ಹಾಗೆ ಬಗ್ಗದ ತಳಿಗಳು ಈಗಾಗಲೇ ಸಾಕಷ್ಟಿವೆ. ಮಲ ಕಪ್ಪಾಗುವುದು, ರಕ್ತ ಕಕ್ಕುವುದು, ಕಾರಣವಿಲ್ಲದೆ ಮೈ ಇಳಿಯುವುದು, ನುಂಗಲು ತ್ರಾಸಾಗುವುದು, ರಕ್ತಹೀನತೆ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಬದಿಗಿಟ್ಟು ವೈದ್ಯರಿಗೆ ತೋರಿಸಬೇಕು. ‘ಬರೇ ಪಿತ್ತ’ ಎಂಬ ಎರಡು ಶಬ್ದಗಳ ಹಿಂದೆ ನಮ್ಮ ಹೆಂಗಸರು ಎಷ್ಟೋ ವರ್ಷ ಅಡಗಿ ಕೂತಿದ್ದಾರೆ.

ಇತಿಹಾಸದ ಟೀಚರಾಗಿ ನನಗೆ ಈ ಕತೆಯಲ್ಲಿ ಹಿಡಿಸಿದ್ದು ನಾಟಿಂಗ್‌ಹ್ಯಾಮಿನವರ ನಡೆ. ಐದು ವರ್ಷ ಹಿಂದೆ ‘ಕೊಂದಿತು’ ಎಂದು ಜಗತ್ತಿಗೆ ಹೇಳಿದ ಊರಿನಿಂದಲೇ ‘ಹೊಟ್ಟೆಯಲ್ಲಿ ಕೊಲ್ಲಲಿಲ್ಲ’ ಎಂಬ ಮಾತೂ ಬಂತು. ಮೊದಲನೆಯದಕ್ಕೆ ಸಿಕ್ಕ ಸದ್ದು ಎರಡನೆಯದಕ್ಕೆ ಸಿಗಲಿಲ್ಲ. ಸೀಸೆಯ ಮೇಲಿನ ಚೀಟಿಯಲ್ಲಿ ಇರುವುದು ಈಗಲೂ ಮೊದಲನೆಯದೇ. ಲಿಕೂಡಿಸರ ಊಹೆ ಸರಿಯಿತ್ತು, ಪರೀಕ್ಷೆ ಇರಲಿಲ್ಲ; ಅವರ ಮಾತು ಜನರಿಗೆ ತಲುಪದೆ ಹೋಯಿತು. ಮಸ್ತಗಿಗೆ ಹೆಸರಿತ್ತು, ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದರೂ ಅದರ ಹೆಸರು ಓಡುತ್ತಲೇ ಇದೆ. ಸರಿಯಾದದ್ದನ್ನು ಉಳಿಸಿಕೊಳ್ಳುವುದಕ್ಕೂ ಸರಿಯಲ್ಲದ್ದನ್ನು ಬಿಡುವುದಕ್ಕೂ ಬೇಕಾದದ್ದು ಒಂದೇ: ಕೂತು ಎಣಿಸುವ ತಾಳ್ಮೆ.

2012ರ ಆಗಸ್ಟಿನಲ್ಲಿ ಕಿಯೋಸಿನ ಕಾಡಿಗೆ ಬೆಂಕಿ ಬಿದ್ದು ಎಷ್ಟೋ ಮಸ್ತಗಿ ಮರಗಳು ಸುಟ್ಟುಹೋದವು. ಹೊಸ ಸಸಿ ನೆಟ್ಟರೆ ಚೆನ್ನಾಗಿ ರಾಳ ಕೊಡಲು ವರ್ಷಗಟ್ಟಲೆ ಕಾಯಬೇಕು. ಆದರೂ ಅಲ್ಲಿಯವರು ನೆಟ್ಟರು. ಅವರ ಮರ ಬದುಕಲಿ, ನಮ್ಮ ಹಕೀಮರ ಡಬ್ಬಿಯೂ ಇರಲಿ. ಉಂಡದ್ದು ಹೆಚ್ಚಾಗಿ ಹೊಟ್ಟೆ ಭಾರವೆನಿಸಿದ ದಿನ ಒಂದು ಹರಳು ಬಾಯಿಗೆ ಹಾಕಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಹೊಟ್ಟೆಯ ಹುಣ್ಣಿನ ಮಾತು ಬಂದಾಗ ಮಾತ್ರ ಆ ಮರವನ್ನು ಅದು ಹೊರಲಾರದ ಭಾರಕ್ಕೆ ಹೂಡಬಾರದು.